ಗಾಜು ಮುಟ್ಟಿ ಕಣ್ಣಿಗೊತ್ತಿಕೊಂಡ ಅಪರಾಧ

ಹಳೆಯ ದಾಖಲೆಗಳ ಪ್ರದರ್ಶನದ ಮುಖ್ಯಾಧಿಕಾರಿಗಳೇ,

ಮೊದಲು ಮೊಬೈಲು ಕೆಳಗಿಟ್ಟು ನೆಟ್ಟಗೆ ಕೂತುಕೊಳ್ಳಿ. ಕನ್ನಡ ಬಾರದಿದ್ದರೆ ನಿಮ್ಮ ಕಾವಲುಗಾರ ಆಲ್‌ಸ್ಟನ್‌ನನ್ನು ಕರೆದು ಓದಿಸಿಕೊಳ್ಳಿ, ಅವನು ಮಂಗಳೂರಿನವನು. ಚರ್ಮದ ಮೇಲೆ ಬರೆದ ಭೂಮಿ ಪತ್ರಕ್ಕೆ ನಮಸ್ಕಾರ ಮಾಡಿದ್ದಕ್ಕೆ ನನ್ನನ್ನು ಹೊರಗೆ ಹಾಕಿದ್ದೀರಿ. ಇದು ನಾಲ್ಕು ಜನಕ್ಕೆ ಗೊತ್ತಾಗಲಿ ಎಂದು ನಮ್ಮ ಕನ್ನಡ ಸಂಘದ ಪತ್ರಿಕೆಗೆ ಬರೆಯುತ್ತಿದ್ದೇನೆ. ನನ್ನದು ನಾಲ್ಕನೇ ಕ್ಲಾಸಿನ ಅಕ್ಷರ. ತಪ್ಪಿದ್ದರೆ ತಿದ್ದಿಕೊಳ್ಳಿ, ಓದಿದವರು ನೀವು.

ಊರು ಬಿಟ್ಟು ಬಂದ ಈ ಮರಳುಗಾಡಿನ ದೇಶದಲ್ಲಿ, ಗುಫೂಲಿನ ನಮ್ಮ ಫ್ಲಾಟಿನಿಂದ ಬೆಳಿಗ್ಗೆ ಮಗ ಟುಬ್ಲಿಯ ಗ್ಯಾರೇಜಿಗೆ, ಸೊಸೆ ಜಯಶೀಲಾ ಆಫೀಸಿಗೆ, ಮೊಮ್ಮಗಳು ತನ್ವಿ ಶಾಲೆಗೆ ಹೊರಡುತ್ತಾರೆ. ಸಂಜೆ ತನ್ವಿ "ಹಾಯ್ ಅಜ್ಜಿ" ಎಂದು ಕೋಣೆಯ ಬಾಗಿಲು ಹಾಕಿಕೊಳ್ಳುತ್ತಾಳೆ. ನಡುವಿನ ಹೊತ್ತಿನಲ್ಲಿ ಮನೆಯಲ್ಲಿ ಸದ್ದು ಮಾಡುವುದು ಫ್ರಿಜ್ಜು ಒಂದೇ. ಅದಕ್ಕೇ ನಿಮ್ಮಲ್ಲಿಗೆ ನಡೆದು ಬರುತ್ತಿದ್ದೆ. ಅಲ್ಲಿ ಟಿಕೆಟ್ಟಿಲ್ಲ, ತಂಪಿದೆ, ಬೆಂಚಿದೆ, ತುಳುವಿನಲ್ಲಿ ಮಾತಾಡಲು ಆಲ್‌ಸ್ಟನ್ ಇದ್ದಾನೆ.

ಆ ಪತ್ರ ಪಡುವಣದ ಯಾವುದೋ ದೇಶದ್ದಂತೆ, ಏಳೆಂಟು ನೂರು ವರ್ಷ ಹಳೆಯದಂತೆ. ಕರುವಿನ ಚರ್ಮ. ಕೆಳಗಿನ ಅಂಚು ಹಾವು ಹರಿದ ಹಾಗೆ ಅಂಕುಡೊಂಕು.

"ಇಲಿ ತಿಂದದ್ದಾ ಮಾರಾಯ?" ಎಂದು ಆಲ್‌ಸ್ಟನ್‌ನನ್ನು ಕೇಳಿದೆ.

"ಅಲ್ಲ ಅಜ್ಜಿ, ಬೇಕಂತಲೇ ಕತ್ತರಿಸಿದ್ದು. ಗೈಡ್ ದಿನಾ ಹೇಳಿ ಹೇಳಿ ನಂಗೆ ಬಾಯಿಪಾಠ ಆಗಿದೆ. ಒಂದೇ ಚರ್ಮದಲ್ಲಿ ಅದೇ ಮಾತನ್ನು ಎರಡು ಸಲ ಬರೆದು, ನಡುವೆ ಹೀಗೆ ಕತ್ತರಿಸಿ, ಭೂಮಿ ಕೊಟ್ಟವನಿಗೊಂದು ತುಂಡು, ತೆಕ್ಕೊಂಡವನಿಗೊಂದು. ಜಗಳ ಬಂದ್ರೆ ಅಂಚು ಕೂಡ್ತದಾ ಅಂತ ಜೋಡಿಸಿ ನೋಡುವುದು."

"ಹಾಗಾದ್ರೆ ಇನ್ನೊಂದು ತುಂಡು ಎಲ್ಲುಂಟು?"

"ಅದು ಕಳೆದೇ ಹೋಯ್ತಂತೆ ಅಜ್ಜಿ."

ಅಂದಿನಿಂದ ಬೇರೆ ಗಾಜಿನ ಪೆಟ್ಟಿಗೆಗಳ ಕಡೆ ನಾನು ಹೋಗಲಿಲ್ಲ. ಜೋಡಿ ತಪ್ಪಿದ್ದು ಇಷ್ಟು ಕಾಲ ಒಂದೇ ಇದೆಯಲ್ಲ, ಎದುರಿಗೆ ಯಾರಾದರೂ ಕೂರಲಿ ಎಂದು ಕೂತೆ. ಇದರಿಂದ ನಿಮಗೇನು ನಷ್ಟವಾಯಿತು?

ಮೊನ್ನೆ ಏಳುವಾಗ ಕಾಲು ಪೆಟ್ಟಿಗೆಗೆ ತಾಗಿತು. ಅಕ್ಷರಕ್ಕೆ ಕಾಲು ತಾಗಿದರೆ ನಾವು ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತೇವೆ. ಹಾಗೇ ಗಾಜು ಮುಟ್ಟಿದೆ. ಕಳ್ಳರಿಗೆಂದು ಇಟ್ಟ ಗಂಟೆ ಬಡಿಯಿತು, ನಿಮ್ಮವರು ಓಡಿ ಬಂದರು, ಮರುದಿನ ನಿಮ್ಮ ಆದೇಶ ಬಂತು. ಕಳ್ಳಿ ಎಲ್ಲಿಯಾದರೂ ಕೈಮುಗಿದು ಕದಿಯುತ್ತಾಳೆಯೇ? ಅದೇ ಪತ್ರಕ್ಕೆ ಬೆನ್ನು ಹಾಕಿ ಸೆಲ್ಫಿ ತೆಗೆಯುವವರಿಗೆ ಯಾವ ಗಂಟೆಯೂ ಬಡಿಯುವುದಿಲ್ಲ. ನಿಮ್ಮ ಯಂತ್ರಕ್ಕೆ ಸಿಟ್ಟು ಬರುವುದು ಮರ್ಯಾದೆ ಕೊಟ್ಟವರ ಮೇಲೆಯೇ.

ಮನೆಯಲ್ಲಿ ಜಯಶೀಲಾ, "ಅತ್ತೆ, ಕರುವಿನ ಚರ್ಮಕ್ಕೆ ಹೋಗಿ ಕೈ ಮುಗಿದದ್ದಾ?" ಎಂದಳು.

"ಯಕ್ಷಗಾನದ ಚೆಂಡೆಗೆ ಎಂತ ಹಾಕುವುದು, ಪ್ಲಾಸ್ಟಿಕ್ಕಾ? ಅದಕ್ಕೆ ನೀನು ಕೈ ಮುಗಿಯುವುದಿಲ್ವಾ?"

ಅವಳು ನಕ್ಕಳು. ನಾವಿಬ್ಬರು ಇಷ್ಟು ಮಾತಾಡದೆ ಬಹಳ ಸಮಯವಾಗಿತ್ತು. ಆ ಉಪಕಾರಕ್ಕೆ ನಿಮಗೆ ಧನ್ಯವಾದ. ಮರುದಿನ ಬೆಳಿಗ್ಗೆ ಅವಳು ಮತ್ತೆ ಆಫೀಸಿಗೆ ಹೋದಳು, ನಾನು ಮತ್ತೆ ಫ್ರಿಜ್ಜಿನ ಸದ್ದು ಕೇಳಿದೆ.

ಮುಂದಿನ ತಿಂಗಳು ಪತ್ರವನ್ನು ಅದರ ದೇಶಕ್ಕೆ ವಾಪಸು ಕಳಿಸುತ್ತೀರಂತೆ. ನಾನು ಅಲ್ಲಿಗೆ ಹೋಗುವವಳಲ್ಲ, ಅದು ಮತ್ತೆ ಇಲ್ಲಿಗೆ ಬರುವುದಿಲ್ಲ. ಒಂದು ಬೆಳಿಗ್ಗೆ ನನ್ನನ್ನು ಒಳಗೆ ಬಿಡಿ. ಬೇಕಾದರೆ ಬೆಂಚನ್ನು ಹಿಂದಕ್ಕೆ ಎಳೆಯಿರಿ, ಕೈ ಹಿಂದಕ್ಕೆ ಕಟ್ಟಿಕೊಂಡು ಕೂರುತ್ತೇನೆ. ನನ್ನ ಜೊತೆ ಮಾತಾಡಿದ್ದಕ್ಕೆ ಆಲ್‌ಸ್ಟನ್‌ಗೆ ಬೈಯಬೇಡಿ. ಹಗಲಲ್ಲಿ ನಾನು ಮನೆಯಲ್ಲೇ ಇರುತ್ತೇನೆ, ಬೆಲ್ಲು ಒತ್ತುವವರು ಬೇರೆ ಯಾರೂ ಇಲ್ಲ. ಮುಂದಿನ ತಿಂಗಳು ಹುಟ್ಟುವ ಮೊದಲು ಉತ್ತರ ಕಳಿಸಿ.

ಇಂತಿ,
ನಿಮ್ಮ ಬಾಗಿಲ ಹೊರಗೆ ಉಳಿದ ತುಂಡು,
ಪಂಕಜಾಕ್ಷಿ