ಗುಹೆಯ ಮೃಗದ ಉಸಿರು

ಅಮ್ಮನಿಗೆ ನಮಸ್ಕಾರ. ಕೆಮ್ಮು ಬಿಟ್ಟಿದೆ, ಊಟಕ್ಕೆ ತೊಂದರೆಯಿಲ್ಲ.

ಕೆಲಸ ಕಾಯಂ ಆಯಿತು. ವಿಡಿಯೋ ಗೇಮಿಗೆ ಶಬ್ದ ಮಾಡಿಕೊಡುವ ಕೋಣೆಯಲ್ಲೇ ಉಳಿಸಿಕೊಂಡರು. ಇಲ್ಲಿ ಯಾವುದಕ್ಕೂ ಅದರದೇ ಸದ್ದು ಇರುವುದಿಲ್ಲ. ನಿನ್ನೆ ಸೈನಿಕನ ಮೂಳೆ ಮುರಿಯಬೇಕಿತ್ತು. ನಮ್ಮ ಮೇಡಂ ಮೈಕಿನ ಮುಂದೆ ಗಂಭೀರವಾಗಿ ಕೂತು ಒಂದು ಬುಟ್ಟಿ ಕ್ಯಾರೆಟ್ ಮುರಿದರು. ಆಮೇಲೆ ಎಲ್ಲರೂ ಸೇರಿ ಸೈನಿಕನನ್ನು ತಿಂದೆವು.

ಗುಹೆಯಲ್ಲಿ ಮಲಗಿರುವ ದೊಡ್ಡ ಮೃಗದ ಉಸಿರಿಗೆ ಮಾತ್ರ ಯಾವ ಸದ್ದೂ ಹೊಂದುತ್ತಿರಲಿಲ್ಲ. ನನ್ನ ಫೋನಿನಲ್ಲಿದ್ದ ಅಪ್ಪನ ಗೊರಕೆ ಹಾಕಿದೆ. "ನಾನು ಗೊರಕೆ ಹೊಡೆಯೋದೇ ಇಲ್ಲ" ಎಂದು ಅವರು ಹಟ ಹಿಡಿದಾಗ ಸಾಕ್ಷಿಗೆಂದು ಹಿಡಿದಿಟ್ಟಿದ್ದೆನಲ್ಲ, ಅದೇ. ಮೇಡಂ ಕಣ್ಣು ಮುಚ್ಚಿ ಕೇಳಿ, "ಈ ಪ್ರಾಣಿ ಎಲ್ಲಿ ಸಿಕ್ತು?" ಎಂದರು.

"ಮನೇದೇ ಮೇಡಂ" ಎಂದೆ.

ಅದರ ಮೇಲೇ ಕೆಲಸ ಕಾಯಂ. "ಆಟ ಆಡ್ಕೊಂಡಿದ್ರೆ ಹೊಟ್ಟೆ ತುಂಬುತ್ತಾ?" ಎಂದು ಬೈದ ಅಪ್ಪನೇ ತುಂಬಿಸಿದಂತಾಯಿತು.

ಆಡುವವರು ಆ ಮೃಗ ಏಳದಂತೆ ತುದಿಗಾಲಲ್ಲಿ ದಾಟಬೇಕು. ಭಾನುವಾರ ಮಧ್ಯಾಹ್ನ ನಾನೂ ನೀನೂ ಪಾತ್ರೆ ಸದ್ದಾಗದಂತೆ ಓಡಾಡುತ್ತಿದ್ದ ಹಾಗೆಯೇ.

ಅಪ್ಪನಿಗೆ ಇದನ್ನು ಹೇಳಬೇಡ. ಇಷ್ಟು ಬರೆದ ಮೇಲೆ ನೆನಪಾಯಿತು: ಅಂಚೆಯವರಿಂದ ಕಾರ್ಡು ಇಸಿದುಕೊಳ್ಳುವವರೂ ಅವರೇ, ನಿನಗೆ ಓದಿ ಹೇಳುವವರೂ ಅವರೇ. ನನ್ನ ಹತ್ತಿರ ಬೇರೆ ಕಾರ್ಡಿಲ್ಲ, ಇದರಲ್ಲಿ ಜಾಗವೂ ಮುಗಿಯಿತು.

ಅಪ್ಪಾ, ಆಟದಲ್ಲಿ ಆ ಮೃಗವನ್ನು ಯಾರೂ ಕೊಲ್ಲುವಂತಿಲ್ಲ. ನಾನೇ ಕೇಳಿಕೊಂಡು ಹಾಗೆ ಮಾಡಿಸಿದ್ದೇನೆ.

ನಿಮ್ಮ ಮಗಳು