ಬಾದಾಮಿ ಮರದ ಹಾಸ್ಟೆಲಿನ ಅಣ್ಣಂದಿರು

ಜುಲೈ ೨೩, ೧೯೮೮
ಶನಿವಾರ

ನನ್ನ ಹಠಮಾರಿ ಮಗ ಪಿದ್ಯೋನಿಗೆ,

ಅಮ್ಮನ ಮುತ್ತುಗಳು. ನಿನ್ನ ಕುಶಲ ಕೇಳುವುದಿಲ್ಲ. ನೀನು ಹೇಗಿದ್ದೀಯ ಎಂದು ಕಳೆದ ಭಾನುವಾರ ಕಣ್ಣಾರೆ ನೋಡಿದ್ದೇನೆ.

ಮೊದಲು ಆ ಏಟಿನ ವಿಷಯ. ಅಷ್ಟು ಹುಡುಗರ ಮುಂದೆ ನಿನ್ನ ಕೆನ್ನೆಗೆ ಬಾರಿಸಿದೆನಲ್ಲ, ಅವತ್ತಿನಿಂದ ಈ ಕೈಯಲ್ಲಿ ಅನ್ನ ಕಲಸಲು ಹೇಸಿಗೆ. ಆದರೆ ನೀನೇ ಹೇಳು, ನನಗೇನು ಗೊತ್ತಿತ್ತು? ಒಣಮೀನಿನ ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಬೆಂದು ಬಂದಿದ್ದೆ. ನಿನ್ನ ಹಾಸ್ಟೆಲಿನ ಹುಡುಗರೆಲ್ಲ ಸಾಲಾಗಿ ಬಂದರು. ಒಬ್ಬೊಬ್ಬನೂ ಬಗ್ಗಿ, ನನ್ನ ಕೈ ಹಿಡಿದು ಹಣೆಗೆ ಒತ್ತಿಕೊಂಡು ಆಶೀರ್ವಾದ ಪಡೆದ. ಆ ಸೀನಿಯರ್ ಎವರಿಸ್ತೊ ಅಂತೂ "ಅಮ್ಮಾ, ಈ ಸೆಕೇಲಿ ಬಂದಿದೀರ, ಮೊದ್ಲು ಕೂತ್ಕೊಳ್ಳಿ" ಎಂದು ತನ್ನ ಅಂಗಿಯಿಂದಲೇ ಕುರ್ಚಿ ಒರೆಸಿ ಕೊಟ್ಟ. ಹೆತ್ತ ಮಗ ನೀನು ಮಾತ್ರ ಗೋಡೆಗೆ ಒರಗಿ ಗೂಟದ ಹಾಗೆ ನಿಂತಿದ್ದೆ. ನಾನು ಕೈ ಚಾಚಿದೆ. ನೀನು ಬಗ್ಗಲಿಲ್ಲ. ಮತ್ತೆ ಚಾಚಿದೆ. ಆಗಲೂ ಬಗ್ಗಲಿಲ್ಲ. ಕಾಲೇಜು ಮೆಟ್ಟಿಲು ಹತ್ತಿದ ಕೂಡಲೇ ಮೀನು ಮಾರುವ ತಾಯಿಯ ಕೈ ನಾರತೊಡಗಿತೇ ಎಂದು ಸಿಟ್ಟು ನೆತ್ತಿಗೇರಿತು. ಬಾರಿಸಿಬಿಟ್ಟೆ.

ಹದಿನೇಳರ ಹುಡುಗ ಬೀಳುವಂಥ ಏಟಲ್ಲ ಅದು. ನೀನು ಬಿದ್ದೆ. ಅಂಗಿ ಮೇಲೆ ಸರಿಯಿತು, ಸಡಿಲ ಪೈಜಾಮ ಕೆಳಗೆ ಜಾರಿತು. ಸೊಂಟದ ಕೆಳಗೆ ನಾನು ಎಣ್ಣೆ ಹಚ್ಚಿ ಬೆಳೆಸಿದ ಚರ್ಮವೇ ಇರಲಿಲ್ಲ. ಕಪ್ಪಗೆ ಊದಿದ ಮಾಂಸ, ಅಲ್ಲಲ್ಲಿ ಒಡೆದು ಕೀವು. ನೀನು ಅವಸರದಲ್ಲಿ ಬಟ್ಟೆ ಎಳೆದುಕೊಂಡು "ಮೆಟ್ಲಿಂದ ಬಿದ್ದೆ ಕಣಮ್ಮ" ಎಂದೆ. ಎವರಿಸ್ತೊ ನಿನ್ನನ್ನು ಎಬ್ಬಿಸುತ್ತಾ "ಇವ್ನು ಯಾವಾಗ್ಲೂ ಹಿಂಗೇ ಅಮ್ಮಾ, ಮುಂದೆ ನೋಡ್ಕೊಂಡು ನಡಿಯೋದೇ ಇಲ್ಲ" ಎಂದು ನಕ್ಕ. ನಾನೂ ನಕ್ಕೆ. ಒಣಮೀನು ಎಲ್ಲರೂ ಹಂಚಿಕೊಳ್ಳಿ ಎಂದು ಹೇಳಿ ಬಸ್ಸು ಹತ್ತಿದೆ. ನಾನು ನಂಬಿಬಿಟ್ಟೆ ಎಂದುಕೊಂಡೆಯಲ್ಲವೇ, ಪೆದ್ದ?

ಅದೇ ಬಸ್ಸಿನಲ್ಲಿ ನಮ್ಮ ಪಕ್ಕದ ಮನೆಯ ದೆಲ್ಫಿನ್ ಇದ್ದ. ನಿನ್ನ ಜೊತೆಗೇ ಈ ಹಾಸ್ಟೆಲ್ ಸೇರಿದವನು ಟ್ರಂಕು ಕಟ್ಟಿಕೊಂಡು ವಾಪಸ್ಸು ಹೊರಟಿದ್ದ. ಸೀಟಿನ ಮೇಲೆ ಕೂರಲಾಗದೆ ದಾರಿಯುದ್ದಕ್ಕೂ ನಿಂತೇ ಬಂದ. ನಾನು ಕೇಳಿದ್ದಕ್ಕೆ ಅಳುತ್ತಾ ಎಲ್ಲ ಹೇಳಿದ. ತಮ್ಮ ಗುಂಪಿಗೆ ಸೇರಿಸಿಕೊಳ್ಳುವ ಮೊದಲು ಹೊಸಬರ ಕಣ್ಣಿಗೆ ಬಟ್ಟೆ ಕಟ್ಟುತ್ತಾರಂತೆ. ಗೋಡೆಗೆ ಕೈ ಊರಿಸಿ, ತೊಡೆಯ ಹಿಂದೆ ದಪ್ಪ ಹಲಗೆಯಿಂದ ಬಡಿಯುತ್ತಾರಂತೆ. ಒಂದೊಂದು ಏಟಿಗೂ "ಥ್ಯಾಂಕ್ಸ್ ಅಣ್ಣಾ" ಎನ್ನಬೇಕಂತೆ, ಮೆಲ್ಲಗೆ ಅಂದರೆ ಅದಕ್ಕೆ ಬೇರೆ ಏಟು. ನಾನು ಇಷ್ಟು ವರ್ಷ ಮೀನಿನ ತಲೆಗೆ ಹೊಡೆದಿದ್ದೇನೆ, ಒಂದು ಮೀನಿನಿಂದಲೂ ಥ್ಯಾಂಕ್ಸ್ ಹೇಳಿಸಿಲ್ಲ.

ಕೊನೆಗೆ ಅವನು ಹೇಳಿದ್ದು ಇದು. "ಬರೋ ಶನಿವಾರ ಸಂಜೆ ಕೊನೇ ಸರದಿ, ಆಂಟಿ. ಅವತ್ತು ಹಳಬ್ರೆಲ್ಲ ಬಂದು ಹೊಡೀತಾರೆ. ಪಿದ್ಯೋಗೆ ಆಗ್ಲೇ ಉಚ್ಚೇಲಿ ರಕ್ತ ಹೋಗ್ತಿದೆ. ಇನ್ನೊಂದ್ಸಲ ಅವನು ತಡ್ಕೊಳಲ್ಲ" ಎಂದ.

ಆಸ್ಪತ್ರೆಗೆ ದುಡ್ಡು ಹೊಂದಿಸುವುದರಲ್ಲೇ ಆರು ದಿನ ಹೋಯಿತು. ಇವತ್ತೇ ಆ ಶನಿವಾರ.

ಜೂನ್ ತಿಂಗಳಲ್ಲಿ ಹಾಸ್ಟೆಲ್ ನೋಡಲು ಬಂದಾಗ ಪಾದ್ರಿಗಳ ಹಾಸ್ಟೆಲಿಗೆ ಮೊದಲು ಹೋಗಿದ್ದೆವು. ಊಟಕ್ಕೆ ಕೂತವರು ತಟ್ಟೆ ಬಿಟ್ಟು ತಲೆ ಎತ್ತುತ್ತಿರಲಿಲ್ಲ. "ಇದೇನಮ್ಮ, ಸತ್ತವ್ರ ಮನೆ ಥರ ಇದೆ" ಎಂದು ನೀನು ನನ್ನ ತೋಳು ಜಗ್ಗಿದೆ. ಆಮೇಲೆ ಈ ಬಾದಾಮಿ ಮರದ ಹಾಸ್ಟೆಲ್. ಬಾಗಿಲುಗಳೆಲ್ಲ ಹಾರು ಹೊಡೆದಿದ್ದವು, ಒಬ್ಬ ಗಿಟಾರ್ ಬಾರಿಸುತ್ತಿದ್ದ. ಉದ್ದನೆಯ ಮೇಜಿನ ಮೇಲೆ ಬಾಳೆಲೆ ಹಾಸಿ, ಅನ್ನ ಸುರಿದು, ಹುಡುಗರೆಲ್ಲ ಭುಜಕ್ಕೆ ಭುಜ ತಾಗಿಸಿಕೊಂಡು ಕೈಯಲ್ಲಿ ಬಾಚಿ ತಿನ್ನುತ್ತಿದ್ದರು. ಎವರಿಸ್ತೊ ಜಾಗ ಬಿಟ್ಟು "ಬಾರೋ ತಮ್ಮಾ, ನಿಂಗೋಸ್ಕರಾನೇ ಕಾಯ್ತಿದ್ವಿ" ಎಂದ. ಅಪ್ಪನಿಲ್ಲದೆ, ಒಡಹುಟ್ಟಿದವರಿಲ್ಲದೆ, ಹಿತ್ತಲಿನ ಹಂದಿಯ ಜೊತೆ ಮಾತಾಡಿಕೊಂಡು ಬೆಳೆದವನು ನೀನು. ಅವತ್ತು ನಿನ್ನ ಮುಖ ನೋಡಿ ನನಗೂ ಕಣ್ಣು ತುಂಬಿತು. ಸದ್ಯ, ನನ್ನ ಮಗನಿಗೆ ಜನ ಸಿಕ್ಕರು ಎಂದುಕೊಂಡೆ. ಆ ಹಾಸ್ಟೆಲನ್ನು ನೀನೊಬ್ಬನೇ ಆರಿಸಲಿಲ್ಲ ಮಗನೇ, ನಾನೂ ಆರಿಸಿದೆ.

ನೀನು ಏನು ಹೇಳುತ್ತೀಯ ಎಂದೂ ಗೊತ್ತು. ಇಷ್ಟು ಏಟು ತಿಂದಾಯಿತು, ಈಗ ಬಿಟ್ಟರೆ ತಿಂದದ್ದೆಲ್ಲ ದಂಡ, ಇನ್ನೊಂದೇ ಸಲ ಎನ್ನುತ್ತೀಯ. ನಿನ್ನಪ್ಪನೂ ಗಾಳಿ ಎದ್ದ ದಿನ "ಇನ್ನೊಂದೇ ಸಲ ಬಲೆ ಬೀಸಿ ಬರ್ತೀನಿ ಕಣೇ" ಎಂದೇ ದೋಣಿ ನೂಕಿದ್ದು. ಮೂರನೆಯ ದಿನ ದೋಣಿಯ ಹಲಗೆ ಮಾತ್ರ ದಡಕ್ಕೆ ಬಂತು. ಆಗ ನಾನು ಬಾಗಿಲಲ್ಲಿ ನಿಂತು ಕೈ ಬೀಸಿ ಕಳಿಸಿದ್ದೆ. ಈ ಸಲ ಕಳಿಸುವುದಿಲ್ಲ.

ಅವರು ಹೇಡಿ ಎನ್ನಲಿ. ನೀನು ಬದುಕಿರುವ ಹೇಡಿಯಾಗಿದ್ದರೆ ನನಗೆ ಸಾಕು. ಮೊದಲು ಆಸ್ಪತ್ರೆ, ಆಮೇಲೆ ಪಾದ್ರಿಗಳ ಹಾಸ್ಟೆಲ್. ಅಲ್ಲಿ ಮಾತಾಡಲು ಯಾರೂ ಸಿಗದಿದ್ದರೆ ನನಗೆ ಕಾಗದ ಬರೆ. ಹಂದಿ ಚೆನ್ನಾಗಿದೆ.

ನಿನ್ನನ್ನು ಹೊಡೆದ, ನಿನ್ನನ್ನು ಹೆತ್ತ,
ಅಮ್ಮ ಇಲುಮಿನಾದಾ

ತಾ.ಕ.: ಇವತ್ತು ನಿನ್ನನ್ನು ಕರೆದೊಯ್ಯಲು ಬಂದಾಗ "ಹೋಗಮ್ಮ, ನನ್ನ ಮರ್ಯಾದೆ ತೆಗೀಬೇಡ" ಎಂದು ನೀನು ಚಿಲಕ ಹಾಕಿಕೊಂಡ ಮೇಲೆ ನಾನು ಊರಿಗೆ ಹೋಗಲಿಲ್ಲ, ಕೆಳಗಿಳಿದು ಹಲಗೆ ಎಲ್ಲಿ ಎಂದು ಕೇಳಿದೆ. ಆಗ ನಿನಗೆ ಕೇಳಿಸಿದ ಚೀರಾಟ ಎವರಿಸ್ತೊನದು. ಮೊಣಕೈ ಮುರಿದಿರಬೇಕು. ಪ್ರತಿ ಏಟಿಗೂ ಅವನಿಂದ ಥ್ಯಾಂಕ್ಸ್ ಹೇಳಿಸಿದೆ. ಉಳಿದವರು ತಲೆ ತಗ್ಗಿಸಿ ನಿಂತಿದ್ದರು. ತಾಯಿಯಂಥವಳ ಮೇಲೆ ಕೈ ಎತ್ತಬಾರದಂತೆ, ಅಷ್ಟು ಒಳ್ಳೆಯ ಮನೆತನದ ಹುಡುಗರು. ಪೊಲೀಸರು ಬರುತ್ತಾರಂತೆ, ಬರಲಿ. ಈಗ ನಿನ್ನ ಬಾಗಿಲ ಹೊರಗೆ ಕುಳಿತಿದ್ದೇನೆ. ಹಲಗೆ ನನ್ನ ತೊಡೆಯ ಮೇಲಿದೆ, ಕಾಗದವನ್ನು ಅದರ ಮೇಲಿಟ್ಟೇ ಬರೆದೆ. ಸಂಜೆ ಯಾರು ಬಂದರೂ ಮೊದಲು ನನ್ನನ್ನು ದಾಟಬೇಕು. ಚಿಲಕ ತೆಗಿ, ಕಂದಾ. ಬಗ್ಗಬೇಡ. ನಾನೇ ಕೈ ಎತ್ತಿ ನಿನ್ನ ಹಣೆಗೆ ಮುಟ್ಟಿಸುತ್ತೇನೆ.