ಕೆಂಪು ಡಬ್ಬಿಯ ಚೈನು

ದಂಡಿಗನಹಳ್ಳಿ
೧೪-೮-೨೦೦೦

ತಮ್ಮ ಷಡಕ್ಷರಿಗೆ ಅಕ್ಕ ಸುವರ್ಣಮ್ಮನ ಆಶೀರ್ವಾದ.

ಇಂದು ಶ್ರಾವಣ ಸೋಮವಾರದ ಉಪವಾಸ. ಅಂಗಳ ಗುಡಿಸಿ, ರಂಗೋಲಿ ಬಿಟ್ಟು, ಪೂಜೆ ಮುಗಿಸಿ ಬರೆಯುತ್ತಿದ್ದೇನೆ.

ಮರ ಕೊಯ್ಯುವ ಮಿಷನ್ನಿಗೆ ಯಾವ ಚೈನು ಒಳ್ಳೆಯದು ಅಂತ ಫೋನಿನಲ್ಲಿ ಕೇಳಿದರೆ, "ಎಂಗಸ್ರು ಕುಯ್ಯಾದು ಎಷ್ಟು ಮಹಾ? ಅಗ್ಗದ್ದೇ ಸಾಕು ಕಣಕ್ಕ" ಅಂತ ನೀನು ನಕ್ಕೆ. ಆದರೂ ನನ್ನ ಹಠಕ್ಕೆ ನಿನ್ನ ಅಂಗಡಿಯಿಂದ ಎರಡು ಥರದ್ದು ಕಳಿಸಿದೆಯಲ್ಲ, ಸೊಸೆ ತೇಜಶ್ರೀ ನಿನ್ನೆ ಎರಡನ್ನೂ ಒಂದೇ ಒಣ ಹಲಸಿನ ದಿಮ್ಮಿಯ ಮೇಲೆ ಕೊಯ್ದು ನೋಡಿದಳು.

ಹಳದಿ ಡಬ್ಬಿಯ ಅಗ್ಗದ ಚೈನು ಅರ್ಧಕ್ಕೇ ಮೊಂಡಾಯಿತು. ಬೆಳಿಗ್ಗೆ ಗುಡಿಸಿದರೆ ಆ ಕಡೆಯೆಲ್ಲ ರಾಗಿ ಹಿಟ್ಟಿನಂಥ ಹುಡಿ. ಕೆಂಪು ಡಬ್ಬಿಯದು ಅವಲಕ್ಕಿಯಂಥ ಚಕ್ಕೆ ಹಾರಿಸಿದೆ, ಕೊನೆಯವರೆಗೂ ಅರ ಹಾಕಿ ಚೂಪು ಮಾಡಬೇಕಾಗಲಿಲ್ಲ. ಆ ಚಕ್ಕೆಯಲ್ಲೇ ಇವತ್ತು ಹಂಡೆ ನೀರು ಕಾಯಿಸಿದೆ. ಬೆಲೆ ದುಪ್ಪಟ್ಟಾದರೂ ಬಾಳಿಕೆಗೆ ಅದೇ ಲಾಭ. ಅವಳ ಕೈಯೂ ಅಷ್ಟೇ ಚೆನ್ನ, ಒಂದು ತುಂಡೂ ಓರೆಯಾಗಿಲ್ಲ.

ಮಗ ಶಿವಕುಮಾರನ ಸೊಂಟಕ್ಕೆ ಪೆಟ್ಟಾದ ಮೇಲೆ ನಮ್ಮ ಅನ್ನ ಅವಳ ದುಡಿಮೆಯದು. ಶಾಲೆಯ ಮೇಲೆ ವಾಲಿದ ಮರ ಕೊಯ್ಯಲು ಹೆಡ್ ಮೇಷ್ಟ್ರು, "ನೀನೇ ಬಾರವ್ವ" ಅಂದಿದ್ದಾರೆ. ಇಡೀ ಊರು ನೋಡುವಾಗ ಚೈನು ಮೊಂಡಾದರೆ ಇನ್ನೊಮ್ಮೆ ಯಾರೂ ಕರೆಯುವುದಿಲ್ಲ.

ಕೆಂಪು ಡಬ್ಬಿಯದು ಇನ್ನೊಂದು ಎತ್ತಿಡು. ಚಿಕ್ಕ ಅಳತೆಯ ಕೈಗವಸೂ ಬೇಕು, ಶಿವಕುಮಾರನದು ಅವಳ ಕೈಯಿಂದ ಜಾರುತ್ತದೆ. ಅವಳೇ ಹಾಕಿ ನೋಡಿ ಆರಿಸಲಿ.

ಉತ್ತರ ಬರೆದಿಡು. ಮುಂದಿನ ವಾರ ಬುಧವಾರ ತೇಜಶ್ರೀಯೇ ಅಂಗಡಿಗೆ ಬಂದು ತರುತ್ತಾಳೆ. ಅವಳ ಕೈಗೇ ಕೊಡು, ನಗಬೇಡ.

ನಿನ್ನ ಅಕ್ಕ,
ಸುವರ್ಣಮ್ಮ